ಅಡಿಕೆಯಷ್ಟು ಬೆಲ್ಲ

ಏಪ್ರಿಲ್ 29, ಮಂಗಳವಾರ. ಮುಡಬಿ

ಇವತ್ತು ಪುಣೆಯಿಂದ ಬಂದೆ. ನಾಲ್ಕು ದಿನ ರಜೆ. ಐದನೇ ದಿನ ನಾನು ಗೋದಾಮಿನಲ್ಲಿ ಇರದಿದ್ದರೆ ಬೇರೆಯವನನ್ನು ನಿಲ್ಲಿಸುತ್ತೇನೆ ಎಂದು ಸೂಪರ್‌ವೈಸರ್ ಹೇಳಿದ್ದಾನೆ. ಎರಡು ವರ್ಷದಲ್ಲಿ ಇದು ನನ್ನ ಐದನೇ ಕೆಲಸ, ಈ ಮಾತು ಎಲ್ಲ ಕಡೆ ಕೇಳಿದ್ದೇ. ಕೂತು ಬರೆಯುವ ತಾಳ್ಮೆ ನನಗಿಲ್ಲ. ಎಲ್ಲರೂ ಮಲಗಿದ ಮೇಲೆ ಮಾಳಿಗೆ ಹತ್ತಿ ಫೋನಿಗೆ ಹೇಳುತ್ತೇನೆ, ಅದು ಬರೆದುಕೊಳ್ಳುತ್ತದೆ.

ತಂಗಿ ವಿಶಾಖಾಗೆ ಇಪ್ಪತ್ತೆರಡು ದಿನದಿಂದ ಜ್ವರ. ಅವ್ವ ಫೋನಿನಲ್ಲಿ "ಜರಾ ಮೈ ಬಿಸಿ ಅದ" ಎಂದಷ್ಟೇ ಹೇಳುತ್ತಿದ್ದಳು. ಬಂದು ನೋಡಿದರೆ ಹುಡುಗಿಯ ಕತ್ತಿನ ಎಲುಬು ಎದ್ದು ಕಾಣುತ್ತಿದೆ. ಬಸವಕಲ್ಯಾಣದ ಡಾಕ್ಟರು ಮೂರು ಸಲ ಗುಳಿಗೆ ಬದಲಾಯಿಸಿದ್ದಾರೆ. ನುಂಗಿದ ಐದು ದಿನ ಜ್ವರ ಇರುವುದಿಲ್ಲ. ಆರನೇ ದಿನ ಮತ್ತೆ ಹಾಜರು.

ಮೂರು ವರ್ಷದ ಹಿಂದೆ ಅವಳ ಹೃದಯದ ಒಂದು ಕವಾಟ ಕೆಟ್ಟು, ಹೈದರಾಬಾದಿನಲ್ಲಿ ಎದೆ ತೆರೆದು ಲೋಹದ ಕವಾಟ ಕೂರಿಸಿದ್ದರು. ಸದ್ದಿಲ್ಲದ ಕಡೆ ಕೂತರೆ ಅದು ಟಕ್ ಟಕ್ ಎನ್ನುವುದು ಕೇಳಿಸುತ್ತದೆ. ಕಾಲೇಜಿನ ಗೆಳತಿಯರು ಅವಳನ್ನು ಘಡಿಯಾರ ಎಂದೇ ಕರೆಯುತ್ತಾರಂತೆ.

"ಬಂದ್ಯಾ ದಾದಾ? ವಾಪಸ್ ಯಾವಾಗ?" ಎಂದಳು ಮಲಗಿದಲ್ಲಿಂದಲೇ.

"ಶನಿವಾರ."

"ಹಂಗಾದ್ರ ಚಪ್ಪಲ್ ಯಾಕ ಬಿಚ್ಚಿದಿ? ಹಾಕ್ಕೊಂಡೇ ಕೂಡು."

ಮೇ 2, ಶುಕ್ರವಾರ. ಬಸವಕಲ್ಯಾಣ

ವಿಶಾಖಾಳನ್ನು ಅವ್ವನ ಜೊತೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಎದೆಯ ಮೇಲೆ ಕೊಳವೆ ಇಟ್ಟವರು ಅಲ್ಲೇ ನಿಂತುಬಿಟ್ಟರು.

"ಇದು ಲೋಹದ ಕವಾಟ. ಮೊದಲೇ ಯಾಕ ಹೇಳಲಿಲ್ಲ ನೀವು?"

"ನೀವು ಕೇಳಲಿಲ್ರಿ," ಎಂದಳು ಅವ್ವ. "ಜ್ವರ ಎಷ್ಟ ದಿನದಿಂದ ಅದ ಅಂತ ಕೇಳಿದ್ರಿ, ಅದು ಹೇಳೀನಿ."

ಡಾಕ್ಟರು ಇದ್ದ ಗುಳಿಗೆ ನಿಲ್ಲಿಸಿ, ರಕ್ತ ತೆಗೆಸಿ, ಹುಮನಾಬಾದಿಗೆ ಗುರುವಾರಕ್ಕೊಮ್ಮೆ ಬರುವ ಹೃದಯದ ಡಾಕ್ಟರಿಗೆ ಚೀಟಿ ಬರೆದುಕೊಟ್ಟರು. ಗುರುವಾರ ಎಂದರೆ ಇನ್ನೂ ಆರು ದಿನ. ನಾನು ಬಸ್ ಸ್ಟ್ಯಾಂಡಿನಲ್ಲಿ ಅವ್ವನ ಮೇಲೆ ಕೂಗಾಡಿದೆ. ಮೂರು ವಾರ ಏನು ಮಾಡುತ್ತಿದ್ದೆ, ನನ್ನ ಕೆಲಸ ಹೋದರೆ ಯಾರು ಹೊಣೆ ಎಂದೆಲ್ಲ ಅಂದೆ. ಅವ್ವ ಸೆರಗಿನಿಂದ ವಿಶಾಖಾಳ ಮುಖಕ್ಕೆ ಗಾಳಿ ಹಾಕುತ್ತಾ ನಿಂತಿದ್ದಳು. ಸೂಪರ್‌ವೈಸರಿಗೆ ಫೋನ್ ಮಾಡಿದೆ, ಬೈದು ಒಂಬತ್ತನೇ ತಾರೀಖಿನವರೆಗೆ ರಜೆ ಕೊಟ್ಟಿದ್ದಾನೆ.

ಮೇ 8, ಗುರುವಾರ. ಹುಮನಾಬಾದ್

ಡಾಕ್ಟರ್ ಅರ್ಷಿಯಾ ಕಲಬುರಗಿಯವರು. ಎಕೋ ಮಾಡಿದರು. ಎದೆಗೆ ತಣ್ಣನೆಯ ಅಂಟು ಹಚ್ಚಿ, ಅದರ ಮೇಲೆ ಒಂದು ಹಿಡಿಕೆ ಆಡಿಸುತ್ತಾ ಪರದೆಯಲ್ಲಿ ಹೃದಯ ನೋಡುವುದು. ನನಗೆ ಕಂಡದ್ದು ಬೂದಿ ಬಣ್ಣದ ಗದ್ದಲ. ಅವರು ಮಾತ್ರ ಬಹಳ ಹೊತ್ತು ಒಂದೇ ಜಾಗ ನೋಡಿದರು.

"ಕವಾಟಕ್ಕ ಸೋಂಕು ಹತ್ಯಾದ ಅಂತ ನನಗ ಅನುಮಾನ ಅದ," ಎಂದರು. "ಆದ್ರ ಲೋಹದ್ದು ನೆರಳು ಬೀಳ್ತದ. ಸೋಂಕು ಇದ್ರ ಆ ನೆರಳಿನ ಹಿಂದ ಇರ್ತದ, ನನಗ ಕಾಣವಲ್ದು."

"ರಕ್ತದಾಗ ಗೊತ್ತಾಗಂಗಿಲ್ಲೇನ್ರಿ?" ಎಂದೆ.

"ರಕ್ತದಾಗಿನ ಕ್ರಿಮಿ ಬೆಳಸಿ ನೋಡಬೇಕಾಗ್ತದ. ಇಷ್ಟ ದಿನ ಗುಳಿಗಿ ನುಂಗ್ಯಾಳ, ಅರ್ಧ ಸತ್ತಾವ. ಬಸವಕಲ್ಯಾಣದಾಗ ತಗದ ರಕ್ತದಾಗ ಏನೂ ಬೆಳದಿಲ್ಲ."

"ಅಂದ್ರ ಜ್ವರ ಅಡಗಿ ಕುಂತದ ಅನ್ರಿ," ಎಂದಳು ಅವ್ವ.

"ಹೌದವ್ವ. ಅಡಗಿ ಕುಂತದ. ಹುಡುಕಬೇಕು ನಾವು."

ಮಾಣಿಕನಗರದ ದಾರಿಯಲ್ಲಿರುವ ಒಂದು ಸಣ್ಣ ದವಾಖಾನೆಗೆ ಸೇರಿಸಿದೆವು. ಸಲಾಯಿನ್‌ನಲ್ಲಿ ಔಷಧಿ ಶುರುವಾಗಿದೆ. ನಾಳೆಯೊಳಗೆ ಬರಲಾಗುವುದಿಲ್ಲ ಎಂದು ಸೂಪರ್‌ವೈಸರಿಗೆ ಹೇಳಬೇಕು.

ಮೇ 11, ಭಾನುವಾರ. ಹುಮನಾಬಾದ್

ನಿನ್ನೆ ಕಲಬುರಗಿಯಲ್ಲಿ ಗಂಟಲೊಳಗೆ ನಳಿಕೆ ಇಳಿಸಿ ಮಾಡುವ ಎಕೋ ಆಯಿತು. ಅದರಲ್ಲೂ ಅರ್ಧ ನೆರಳೇ. ಹೈದರಾಬಾದಿನ ಸರ್ಜನ್, ಕವಾಟದ ಸುತ್ತ ಸೋಂಕು ಹಬ್ಬಿರುವುದು ಖಾತ್ರಿಯಾದರೆ ಈ ವಾರವೇ ಅದನ್ನು ತೆಗೆದು ಹೊಸದು ಹಾಕುತ್ತೇನೆ, ಖಾತ್ರಿಯಿಲ್ಲದೆ ಎರಡನೇ ಸಲ ಎದೆ ತೆರೆಯುವುದಿಲ್ಲ ಎಂದರಂತೆ. ಅದಕ್ಕೆ ಪೆಟ್ ಸ್ಕ್ಯಾನ್ ಬೇಕು. ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಹೈದರಾಬಾದಿನಲ್ಲಿ.

ಡಾಕ್ಟರ್ ಅರ್ಷಿಯಾ ಫೋನಿನಲ್ಲಿ ನನಗೇ ಬಿಡಿಸಿ ಹೇಳಿದರು. ಸ್ಕ್ಯಾನಿಗೆ ಮೊದಲು ನರಕ್ಕೆ ಚುಚ್ಚುವುದು ಒಂದು ಬಗೆಯ ಸಕ್ಕರೆ. ಸೋಂಕಿರುವ ಜಾಗ ಅದನ್ನು ಹೀರಿಕೊಂಡು ಪರದೆಯ ಮೇಲೆ ಹೊಳೆಯುತ್ತದೆ. ಆದರೆ ಹೃದಯಕ್ಕೂ ಸಕ್ಕರೆ ಎಂದರೆ ಆಸೆ. ಅದೂ ಹೀರಿಕೊಂಡರೆ ಇಡೀ ಹೃದಯ ಹೊಳೆದು, ಕವಾಟ ಅದರೊಳಗೆ ಮುಚ್ಚಿಹೋಗುತ್ತದೆ. ಅದಕ್ಕೇ ಹಿಂದಿನ ದಿನ ಹೃದಯಕ್ಕೆ ಬರೀ ಕೊಬ್ಬಿನ ರೂಢಿ ಹಿಡಿಸಬೇಕು. ಸೋಮವಾರವಿಡೀ ತತ್ತಿ, ಮಟನ್, ಪನೀರ್, ತುಪ್ಪ. ರೊಟ್ಟಿ, ಅನ್ನ, ಹಾಲು, ಹಣ್ಣು, ಸಕ್ಕರೆ ಕೂಡದು. ಸಂಜೆ ಏಳರ ಮೇಲೆ ನೀರು ಬಿಟ್ಟು ಏನೂ ಇಲ್ಲ. ಇದನ್ನೆಲ್ಲ ನರ್ಸ್ ಒಂದು ಕಾಗದದಲ್ಲಿ ಬರೆದುಕೊಟ್ಟಿದ್ದಾಳೆ.

"ಮಟನ್ ತಿನ್ನು ಅನ್ನೋ ಡಾಕ್ಟರ್‌ಗ ನಾ ಎಲ್ಲೂ ನೋಡಿಲ್ಲ," ಎಂದು ಅವ್ವ ನಕ್ಕಳು. ಮರುಕ್ಷಣ ಮುಖ ಸಣ್ಣದಾಯಿತು. "ನಾಳಿ ಬುದ್ಧ ಪೂರ್ಣಿಮಾ. ನಾಳಿ ಮಟನ್ ಹ್ಯಾಂಗ ತಿನ್ನಸಲಿ?"

"ನಾ ತಿನ್ನಂಗಿಲ್ಲ," ಎಂದಳು ವಿಶಾಖಾ. "ಬೆಳಿಗ್ಗಿ ಪಂಚಶೀಲ ಹೇಳಿ ಮಧ್ಯಾಹ್ನ ಎಲುಬು ಕಡೀಲೇನು?"

ಕೊನೆಗೆ ತತ್ತಿಯನ್ನು ಔಷಧಿ ಅಂದುಕೊಳ್ಳುವುದು ಎಂದು ತೀರ್ಮಾನವಾಯಿತು.

ಮೇ 12, ಸೋಮವಾರ. ಹುಮನಾಬಾದ್

ಇವತ್ತು ಬಹಳ ದಿನದ ಮೇಲೆ ನಕ್ಕೆವು.

ಬೆಳಿಗ್ಗೆಯಿಂದ ವಿಶಾಖಾಗೆ ಆರು ತತ್ತಿ ಆಗಿದ್ದವು. ಎರಡು ವಾಂತಿಯಾದವು. ಪನೀರ್ ಬಾಯಲ್ಲಿಟ್ಟುಕೊಂಡು ರಬ್ಬರ್ ಜಗಿದಂತೆ ಜಗಿದಳು. ಸಂಜೆ ಅವ್ವ ಬಿಳಿ ಸೀರೆ ಉಟ್ಟು ಹುಮನಾಬಾದಿನ ವಿಹಾರಕ್ಕೆ ಮೇಣದಬತ್ತಿ ಹಚ್ಚಲು ಹೋದಳು. ಆಗ ಮುಡಬಿಯಿಂದ ಧಮ್ಮಪಾಲ ಮಾಮಾ ಬಂದ. ನಮ್ಮ ವಿಹಾರದ ಖೀರು ಒಂದು ಡಬ್ಬಿ ತುಂಬ ತಂದಿದ್ದ. ಪಥ್ಯದ ವಿಷಯ ಅವನಿಗೆ ಗೊತ್ತಿರಲಿಲ್ಲ. ಬಸ್ಸಿನ ಹೊತ್ತಾಯಿತೆಂದು ಡಬ್ಬಿ ಇಟ್ಟು ಓಡಿದ.

ಪ್ರತಿವರ್ಷ ಈ ದಿನ ವಿಹಾರದ ದೊಡ್ಡ ಪಾತ್ರೆಯಲ್ಲಿ ಖೀರು ತಿರುವುವವಳು ವಿಶಾಖಾ. ಅಕ್ಕಿ ತಳ ಹಿಡಿಯದ ಹಾಗೆ ಎರಡು ತಾಸು ನಿಲ್ಲುತ್ತಾಳೆ, ಬೇರೆಯವರ ಕೈಗೆ ಸೌಟು ಕೊಡುವುದಿಲ್ಲ.

"ಮುಚ್ಚಳ ತಗಿ. ವಾಸನಿ ಅಷ್ಟೇ ತಗೋತೀನಿ," ಎಂದಳು.

ತೆಗೆದೆ.

"ಈ ವರ್ಷ ಯಾರ್ ತಿರುವ್ಯಾರ? ತಳ ಹಿಡದದ. ಒಂದ ಚಮಚ ಕೊಡು, ನೋಡ್ತೀನಿ."

"ಕಾಗದದಾಗ ಏನ ಬರದಾರ?"

"ಇದು ದಾನದ ಖೀರು ದಾದಾ. ಬ್ಯಾಡ ಅನ್ನಬಾರದು. ನಿಂಗೇನ ಗೊತ್ತು, ನೀ ಪುಣಾದಾಗ ವಡಾಪಾವ್ ತಿನ್ನೋ ಮನಷಾ."

ಒಂದು ಚಮಚ ಕೊಟ್ಟೆ. ಅವಳು ಕಣ್ಣು ಮುಚ್ಚಿದಳು. ಅಷ್ಟು ನೆಮ್ಮದಿಯಿಂದ ಅವಳು ಏನನ್ನಾದರೂ ನುಂಗಿದ್ದು ನಾನು ಬಂದ ಮೇಲೆ ನೋಡಿರಲಿಲ್ಲ. ಆಮೇಲೆ ಒಂದು ಬಟ್ಟಲು. ಇನ್ನೊಂದು ಬಟ್ಟಲು. ಡಬ್ಬಿಯನ್ನು ಬೆರಳಿನಿಂದ ಬಳಿದಳು. ಆಗ ಏಳೂವರೆ. ಇಷ್ಟು ಬಡಕಲಾದ ಹುಡುಗಿಗೆ ಎರಡು ಬಟ್ಟಲು ಖೀರಿನಿಂದ ಏನಾಗುತ್ತದೆ? ಅಷ್ಟು ದೊಡ್ಡ ಯಂತ್ರಕ್ಕೆ ಇದು ಲೆಕ್ಕಕ್ಕಿರಲಿಕ್ಕಿಲ್ಲ.

ಅವ್ವ ಬರುವಷ್ಟರಲ್ಲಿ ಡಬ್ಬಿ ತೊಳೆದಿಟ್ಟಿದ್ದೆ. ಮಾಮಾ ಬಸ್ಸಿನಿಂದ ಫೋನ್ ಮಾಡಿ ಹೇಳಿದ್ದನಂತೆ, ಖೀರು ಎಲ್ಲಿ ಎಂದಳು. ನಾನೇ ತಿಂದೆ ಎಂದೆ.

"ಒಬ್ಬನೇ? ಹೊಟ್ಟಿಬಾಕ," ಎಂದಳು. ವಿಶಾಖಾ ಚಾದರದೊಳಗೆ ಮುಖ ಮುಚ್ಚಿಕೊಂಡು ನಕ್ಕಿದ್ದಕ್ಕೆ ಮಂಚವೇ ಅಲುಗಾಡಿತು.

ಮೇ 13, ಮಂಗಳವಾರ

ಹೈದರಾಬಾದಿನಲ್ಲಿ ಸ್ಕ್ಯಾನ್ ಮಾಡುವ ಯುನೂಸ್ ಬೀದರಿನವನು, ಕನ್ನಡದಲ್ಲೇ ಕೇಳಿದ.

"ನಿನ್ನಿ ಏನ್ ತಿಂದಾಳ?"

"ತತ್ತಿ, ಪನೀರ್," ಎಂದೆ.

"ಮತ್ತ?"

"ಮತ್ತೇನಿಲ್ಲ."

ವಿಶಾಖಾ ನನ್ನನ್ನು ನೋಡಿ ನೆಲ ನೋಡಿದಳು. ಚುಚ್ಚಿ, ಒಂದು ತಾಸು ಅಲುಗಾಡದೆ ಮಲಗಿಸಿ, ಆಮೇಲೆ ಯಂತ್ರದೊಳಗೆ ಕಳಿಸಿದರು. ಮುಗಿದ ಮೇಲೆ ಅಲ್ಲಿನ ಡಾಕ್ಟರು ನನ್ನನ್ನೂ ಅವ್ವನನ್ನೂ ಒಳಗೆ ಕರೆದು ಪರದೆ ತೋರಿಸಿದರು. ಹೃದಯವಿರುವ ಜಾಗದಲ್ಲಿ ಒಂದು ಕೆಂಡದುಂಡೆ. ಕವಾಟ ಯಾವುದು, ಮಾಂಸ ಯಾವುದು ಗೊತ್ತಾಗುವುದಿಲ್ಲ. ಈ ಚಿತ್ರದಿಂದ ಏನೂ ಹೇಳಲು ಬರುವುದಿಲ್ಲ, ಹುಡುಗಿ ಸಿಹಿ ತಿಂದಿದ್ದಾಳೆ ಎಂದರು. ಯುನೂಸ್ ಅದನ್ನು ಅವ್ವನಿಗೆ ಕನ್ನಡದಲ್ಲಿ ಹೇಳಿದ.

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವ್ವ, "ನಾ ಕೊಟ್ಟೀನ್ರಿ," ಎಂದಳು.

ನಿನ್ನೆ ಮಧ್ಯಾಹ್ನ ಗುಳಿಗೆ ಕಹಿ ಎಂದು ವಿಶಾಖಾ ಉಗುಳಿದಾಗ, ಸೆರಗಿನ ಗಂಟಿನಲ್ಲಿದ್ದ ಬೆಲ್ಲದ ಚೂರಿನಲ್ಲಿ ಅದನ್ನು ಹುದುಗಿಸಿ ನುಂಗಿಸಿದ್ದಳಂತೆ. "ಇಷ್ಟೇ ಇತ್ರಿ. ಅಡಿಕಿಯಷ್ಟು. ಗುಳಿಗಿ ಹೊಟ್ಯಾಗ ಹೋಗ್ಲಿ ಅಂತ ಕೊಟ್ಟೆ," ಎಂದು ಬೆರಳ ತುದಿ ಹಿಡಿದು ತೋರಿಸಿದಳು. ಅಳತೊಡಗಿದಳು. ಈಗ ನಾನು ಹೇಳಿದರೆ ಇನ್ನೂ ಅಳುತ್ತಾಳೆ ಎನ್ನಿಸಿತು. ಸುಮ್ಮನಾದೆ.

ಆ ಸಕ್ಕರೆ ಔಷಧಿ ಬೆಳಿಗ್ಗೆ ತಯಾರಾಗಿ ಸಂಜೆಗೆ ಶಕ್ತಿ ಕಳೆದುಕೊಳ್ಳುತ್ತದಂತೆ, ಕೂಡಿಡಲು ಬರುವುದಿಲ್ಲ. ಈ ವಾರದ್ದೆಲ್ಲ ಬೇರೆಯವರಿಗೆ ಹಂಚಿ ಆಗಿದೆ. ಇನ್ನು ಮುಂದಿನ ಸೋಮವಾರ, ಹತ್ತೊಂಬತ್ತಕ್ಕೆ.

ರಾತ್ರಿ ಹುಮನಾಬಾದಿನ ದವಾಖಾನೆಗೆ ವಾಪಸ್ ಬಂದೆವು.

ಮೇ 15, ಗುರುವಾರ. ಹುಮನಾಬಾದ್

ಜ್ವರ ನೂರಾಮೂರು. ಅವ್ವ ಎರಡು ದಿನದಿಂದ ಚಹಾ ಬಿಟ್ಟು ಏನೂ ಮುಟ್ಟಿಲ್ಲ, ಅದಕ್ಕೂ ಸಕ್ಕರೆ ಹಾಕಿಕೊಳ್ಳುವುದಿಲ್ಲ. ಡಾಕ್ಟರ್ ಅರ್ಷಿಯಾ ಚಿತ್ರ ನೋಡಿ ಸಿಟ್ಟಾಗಲಿಲ್ಲ. ಬೆಲ್ಲದ ವಿಷಯ ಕೇಳಿ, "ಅಷ್ಟೇನಾ?" ಎಂದು ನನ್ನ ಕಡೆ ನೋಡಿದರು. ನಾನು ಸಲಾಯಿನ್ ಬಾಟಲಿ ನೋಡಿದೆ.

ಮೇ 17, ಶನಿವಾರ. ಹುಮನಾಬಾದ್

ಅವ್ವ ಬಟ್ಟೆ ಒಗೆಯಲು ಹೋಗಿದ್ದಾಗ ವಿಶಾಖಾ ಕೈ ಹಿಡಿದಳು. ಕೈ ಸುಡುತ್ತಿತ್ತು.

"ಅವ್ವಗ ಹೇಳು."

"ಸೋಮವಾರ ಸ್ಕ್ಯಾನ್ ಆಗ್ಲಿ. ಚಲೋ ಬರ್ತದ. ಆಮ್ಯಾಲ ಮೂರೂ ಮಂದಿ ಕೂತು ಹೇಳೋಣ. ನಗತಾಳ ಆಕಿ."

"ಆಕಿ ಊಟ ಬಿಟ್ಟಾಳ ದಾದಾ. ನೀ ಹೇಳಲಿಲ್ಲಂದ್ರ ನಾ ಹೇಳ್ತೀನಿ."

"ಎರಡ ದಿನ ತಡಿ. ನನ್ನ ಸಲವಾಗಿ."

ನನ್ನ ಕೈ ಬಿಟ್ಟಳು. "ನಿನ್ನ ಸಲವಾಗಿ ಎರಡ ದಿನ," ಎಂದಳು. "ಮೂರನೇದ್ದು ಇಲ್ಲ."

ಇವತ್ತು ಅವಳ ಕಾಲು ಒತ್ತುತ್ತಾ ಅಲ್ಲೇ ನಿದ್ದೆ ಹೋಗಿದ್ದೆನಂತೆ. ನರ್ಸ್ ಬಂದು ಎಬ್ಬಿಸಿದಳು. ಸಲಾಯಿನ್ ಮುಗಿಯುವ ಹೊತ್ತು, ಜ್ವರ ಏರುವ ಹೊತ್ತು ಎಲ್ಲ ನನ್ನನ್ನೇ ಕೇಳುತ್ತಾಳೆ ಈಗ.

ಮೇ 18, ಭಾನುವಾರ

ಬೆಳಿಗ್ಗೆ ಮುಖ ತೊಳೆಸುತ್ತಿದ್ದೆ. ನೀರಿನ ಲೋಟ ಅವಳ ಬಲಗೈಯಿಂದ ಜಾರಿತು. ಎತ್ತಿಕೊಟ್ಟೆ. ಮತ್ತೆ ಜಾರಿತು. ಏನೋ ಹೇಳಲು ಬಾಯಿ ತೆರೆದಳು, ಅರ್ಧ ಬಾಯಿ ಮಾತ್ರ ತೆರೆಯಿತು. ಮಾತು ಬರಲಿಲ್ಲ. ಕಣ್ಣು ಮಾತ್ರ ನನ್ನನ್ನೇ ನೋಡುತ್ತಿತ್ತು.

ಕವಾಟದ ಸೋಂಕಿನ ಒಂದು ತುಣುಕು ಕಿತ್ತು ಮಿದುಳಿಗೆ ಹೋಗಿದೆ ಎಂದರು. ಆಂಬುಲೆನ್ಸಿನಲ್ಲಿ ಹೈದರಾಬಾದಿಗೆ ತಂದಿದ್ದೇವೆ. ಮಿದುಳಿನಲ್ಲಿ ರಕ್ತ ಸೋರಿದೆಯಂತೆ.

ಮೇ 19, ಸೋಮವಾರ

ಗೊತ್ತು ಮಾಡಿದ ಹೊತ್ತಿಗೇ ಸ್ಕ್ಯಾನ್ ಮಾಡಿದರು. ಈ ಸಲ ಯಾರೂ ಏನೂ ತಿನ್ನಿಸಿರಲಿಲ್ಲ. ಅವಳು ನುಂಗುವ ಸ್ಥಿತಿಯಲ್ಲಿರಲಿಲ್ಲ.

ಯುನೂಸ್ ಪರದೆ ತೋರಿಸಿದ. ಹೃದಯವೆಲ್ಲ ಕತ್ತಲೆ. ನಡುವೆ ಕವಾಟದ ಸುತ್ತ ಒಂದು ಬಳೆಯಷ್ಟು ಬೆಳಕು, ಒಂದು ಕಡೆ ದಪ್ಪ. ನನ್ನಂಥವನಿಗೂ ಕಾಣುವಷ್ಟು ಸ್ಪಷ್ಟ.

ಸರ್ಜನ್ ಹೊರಗೆ ಬಂದು ನಿಂತೇ ಹೇಳಿದರು. ಸೋಂಕು ಎಲ್ಲಿದೆ ಎಂದು ಈಗ ಗೊತ್ತಾಗಿದೆ, ಆದರೆ ಎದೆ ತೆರೆಯಬೇಕಾದರೆ ರಕ್ತ ತೆಳುವಾಗಿಸುವ ಔಷಧಿ ಕೊಡಬೇಕು, ಕೊಟ್ಟರೆ ಮಿದುಳಿನ ರಕ್ತ ನಿಲ್ಲುವುದಿಲ್ಲ. ಕಾಯಬೇಕು.

"ಎಷ್ಟ ದಿನ ಅಂತ?" ಎಂದಳು ಅವ್ವ. ನಾನು ಹಿಂದಿಯಲ್ಲಿ ಕೇಳಿದೆ. ಅವರು ಅವ್ವನ ಭುಜ ಮುಟ್ಟಿ ಹೋದರು.

ಮೇ 21, ಬುಧವಾರ

ಬೆಳಿಗ್ಗೆ ಆರು ಹತ್ತಕ್ಕೆ ವಿಶಾಖಾ ಹೋದಳು.

ಮೇ 25, ಭಾನುವಾರ. ಮುಡಬಿ

ವಿಹಾರದ ಭಿಕ್ಷು ಭಂತೇಜಿ ಬಂದು ಹೋದರು. ಮಂದಿ ಬರುತ್ತಲೇ ಇದ್ದಾರೆ. ಬಂದವರೆಲ್ಲ ಹೇಗಾಯಿತು ಎಂದು ಕೇಳುತ್ತಾರೆ, ಅವ್ವ ಎಲ್ಲರಿಗೂ ಮೊದಲಿಂದ ಹೇಳುತ್ತಾಳೆ. ಜ್ವರ, ಎಕೋ, ಪಥ್ಯದ ಕಾಗದ. ಆಮೇಲೆ ಬೆರಳ ತುದಿ ಹಿಡಿದು ತೋರಿಸುತ್ತಾಳೆ.

"ಇಷ್ಟೇ ಬೆಲ್ಲ. ನನ್ನ ಕೈಲೇ ಕೊಟ್ಟೆ ನೋಡ್ರಿ. ಅವತ್ತ ಚಿತ್ರ ಚಲೋ ಬಂದಿದ್ರ ಆ ವಾರಾನೇ ಆಪರೇಷನ್ ಮಾಡ್ತಿದ್ರು."

ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ನಿನ್ನ ತಪ್ಪಿಲ್ಲ ಬಿಡು ಎನ್ನುತ್ತಾರೆ. ಆದರೆ ಹೊಸಿಲು ದಾಟಿದ ಮೇಲೆ ತಮ್ಮತಮ್ಮಲ್ಲಿ ಪಿಸುಗುಟ್ಟುವುದು ನನಗೆ ಕೇಳಿಸುತ್ತದೆ. ನಾನು ಅವ್ವನ ಪಕ್ಕದಲ್ಲೇ ಕೂತಿರುತ್ತೇನೆ. ಬಂದವರಿಗೆ ನೀರು ಕೊಡುತ್ತೇನೆ. ಇವತ್ತು ಹನ್ನೊಂದು ಸಲ ಹೇಳಿದಳು.

ಅಡುಗೆಮನೆಯ ಬೆಲ್ಲದ ಅಚ್ಚು ಕಾಣಲಿಲ್ಲ. ಹಿತ್ತಲಲ್ಲಿ ಇರುವೆ ಮುತ್ತಿಕೊಂಡು ಬಿದ್ದಿತ್ತು.

ಗೋದಾಮಿನಿಂದ ಮೆಸೇಜ್ ಬಂದಿದೆ, ಹೆಸರು ತೆಗೆದಿದ್ದಾರೆ. ವಾರದ ಹಿಂದಿನದು. ಇವತ್ತು ನೋಡಿದೆ.

ಮೇ 29, ಗುರುವಾರ. ಹುಮನಾಬಾದ್, ಮುಡಬಿ

ಬೆಳಿಗ್ಗೆ ಹುಮನಾಬಾದಿಗೆ ಹೋದೆ. ಡಾಕ್ಟರ್ ಅರ್ಷಿಯಾ ಬರುವ ದಿನ. ಎಲ್ಲ ರೋಗಿಗಳು ಮುಗಿಯುವವರೆಗೆ ಬೆಂಚಿನ ಮೇಲೆ ಕೂತೆ. ಒಳಗೆ ಹೋಗಿ ನಿಂತೇ ಹೇಳಿದೆ, ಅವಳಿಗೆ ಖೀರು ತಿನ್ನಿಸಿದವನು ನಾನು ಎಂದು. ಎರಡು ಬಟ್ಟಲು, ಏಳೂವರೆಗೆ.

"ನನಗ ಏನೋ ಅದ ಅನಸಿತ್ತು," ಎಂದರು. "ಅಡಿಕಿಯಷ್ಟು ಬೆಲ್ಲಕ್ಕ ಹೃದಯ ಅಷ್ಟು ಹೊತ್ತಿ ಉರಿಯಂಗಿಲ್ಲ. ನಾನೂ ಇನ್ನೊಂದ ಸಲ ಕೇಳಬೇಕಿತ್ತು."

"ಅವತ್ತ ಚಿತ್ರ ಬಂದಿದ್ರ ಆಕಿ ಉಳೀತಿದ್ಳೇನ್ರಿ?"

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಉಳೀಬಹುದಿತ್ತು. ಆಪರೇಷನ್‌ದಾಗೇ ಹೋಗಬಹುದಿತ್ತು. ನಿನಗ ಸುಳ್ಳ ಹೇಳಂಗಿಲ್ಲ ನಾ. ಆದ್ರ ನಿಮ್ಮ ಅವ್ವನ ಬೆಲ್ಲದಿಂದ ಏನೂ ಆಗಿಲ್ಲ. ಆಕಿಗಿ ಇದು ಗೊತ್ತದೇನು?"

ಬಸ್ಸು ಸ್ಟ್ಯಾಂಡಿನಲ್ಲಿ ನಿಂತಿತ್ತು. ಹತ್ತಿದೆ.

ಮನೆಗೆ ಬಂದಾಗ ಮಧ್ಯಾಹ್ನ. ಅವ್ವ ಒಬ್ಬಳೇ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಎದುರಿಗೆ ಕೂತೆ.

"ಅವ್ವ, ನಿನ್ನ ಬೆಲ್ಲದಿಂದ ಏನೂ ಆಗಿಲ್ಲ. ಡಾಕ್ಟರ್ ಮೇಡಂ ಹೇಳ್ಯಾರ. ಹುಣ್ಣಿಮಿ ದಿನ ಮಾಮಾ ತಂದ ಖೀರು ನಾ ತಿಂದಿಲ್ಲ. ಆಕಿಗಿ ತಿನ್ನಿಸೀನಿ."

ಅವ್ವನ ಕೈ ನಿಂತಿತು.

"ಎಷ್ಟು?"

"ಎರಡ ಬಟ್ಟಲ."

"ಆಕೀನೇ ಬೇಡಿದ್ಳಾ?"

"ಹೂಂ."

"ಹೊಟ್ಟಿ ತುಂಬ ತಿಂದ್ಳಾ?"

"ತಿಂದ್ಳವ್ವ. ಡಬ್ಬಿ ಬಳದು ತಿಂದ್ಳು."

ಅವ್ವ ತಲೆಯಾಡಿಸಿದಳು. ಎರಡು ಹರಳು ಆರಿಸಿ ಅಂಗಳಕ್ಕೆ ಎಸೆದಳು. "ಚಲೋ ಆತು," ಎಂದಳು. "ಆಕಿ ಬೇಡಿದ್ರ ನಾನೂ ಕೊಡ್ತಿದ್ದೆ. ಅದಕ್ಕ ನಾ ನಿನಗ ಏನೂ ಅನ್ನಂಗಿಲ್ಲ."

ನಾನು ಅವಳ ಪಾದ ಹಿಡಿಯಲು ಬಗ್ಗಿದೆ. ಕಾಲು ಹಿಂದಕ್ಕೆ ಎಳೆದುಕೊಂಡಳು.

"ಹದಿನಾರ ದಿನ," ಎಂದಳು. ಧ್ವನಿ ಏರಿಸಲಿಲ್ಲ. "ನನ್ನ ಬೆಲ್ಲದಿಂದ ಅಂತ ಹದಿನಾರ ದಿನ ಬೆಂದೀನಿ. ನನ್ನ ಮಗಳಿಗಿ ನಾನೇ ಕೊಂದೆ ಅಂತ ಊರ ಮಂದಿಗೆಲ್ಲ ಹೇಳ್ಕೋತ ಕುಂತೀನಿ. ನೀ ನನ್ನ ಮಗ್ಗಲದಾಗೇ ಕುಂತು ಕೇಳಿದಿ. ನೀರ ಕೊಟ್ಟಿ ಬಂದವರಿಗಿ."

ನಾನು ಏನೋ ಹೇಳಲು ಹೋದೆ. ಬೇಡ ಎಂದು ಕೈ ತೋರಿಸಿದಳು. ಮೊರ ಪಕ್ಕಕ್ಕೆ ಸರಿಸಿ, ಗೋಡೆಯ ಕಡೆ ಮುಖ ಮಾಡಿ ನೆಲದ ಮೇಲೆ ಮಲಗಿದಳು. ಸ್ವಲ್ಪ ಹೊತ್ತಿಗೆ ಉಸಿರು ದೀರ್ಘವಾಯಿತು. ಅವಳು ಹೀಗೆ ನಿದ್ದೆ ಹೋದದ್ದು ಯಾವಾಗ ನೋಡಿದ್ದೆನೋ ನೆನಪಿಲ್ಲ. ನಾನು ಉಳಿದ ಜೋಳ ಹಸನು ಮಾಡಿದೆ.

ಬಿಸಿಲು ಇಳಿಯುವಾಗ ಬಾಗಿಲಲ್ಲಿ ಸದ್ದಾಯಿತು. ಮುನ್ನಿ ಬೀ ಖಾಲಾ, ಅವ್ವನ ಜೊತೆ ಹೊಲದ ಕೆಲಸಕ್ಕೆ ಹೋಗುವವರು. ತಿಂಗಳಿಂದ ಮಗಳ ಊರಲ್ಲಿದ್ದರು, ಸುದ್ದಿ ಈಗ ಕೇಳಿ ಬಸ್ಸಿಳಿದು ನೇರ ಇಲ್ಲಿಗೇ ಬಂದಿದ್ದಾರೆ. ಚೀಲ ಇನ್ನೂ ಕೈಯಲ್ಲೇ ಇತ್ತು.

"ನಿಮ್ಮವ್ವ ಸುಮನ್ ಎಲ್ಲಿ? ಹ್ಯಾಂಗಾತೋ ಬೇಟಾ, ಹ್ಯಾಂಗಾತು?"

ಅವ್ವ ಅಲುಗಾಡಲಿಲ್ಲ. ನಾನು ಎದ್ದು ಬಾಗಿಲಿಗೆ ಹೋದೆ.

"ಅವ್ವಗ ಎಬ್ಬಸಬ್ಯಾಡ್ರಿ ಖಾಲಾ. ಇಲ್ಲೇ ಕಟ್ಟಿ ಮ್ಯಾಲ ಕೂಡ್ರಿ. ನಾ ಹೇಳ್ತೀನಿ."

ಖೀರಿನಿಂದ ಶುರು ಮಾಡಿದೆ.